ಐದು ಹನಿ ನೀರಿನ ಲೆಕ್ಕ

ಚಾಟ್‌ಜಿಪಿಟಿಯಂಥ ಎಐ ಯಂತ್ರಕ್ಕೆ ‘ಥ್ಯಾಂಕ್ಸ್’ ಹೇಳುವುದನ್ನು ಬಿಟ್ಟಿದ್ದೇನೆ. ಸೊಕ್ಕು ಅಂದುಕೊಳ್ಳಬೇಡಿ, ಕರೆಂಟ್ ಉಳಿತಾಯ.

2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರನ್ನು ಯಾರೋ ಕೆಣಕಿದರು. ಜನ ಚಾಟ್‌ಜಿಪಿಟಿಗೆ ‘ಪ್ಲೀಸ್’, ‘ಥ್ಯಾಂಕ್ಯೂ’ ಅನ್ನುವುದರಿಂದ ನಿಮಗೆ ಕರೆಂಟಿಗೆ ಎಷ್ಟು ದುಡ್ಡು ಹೋಗುತ್ತಿದೆ ಅಂತ. ಕೋಟಿಗಟ್ಟಲೆ ಡಾಲರ್, ಆದರೆ ಸಾರ್ಥಕ ಖರ್ಚು ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ, ಜನ ಮಾತ್ರ ಗಂಭೀರವಾದರು. ಭೂಮಿ ಬಿಸಿಯಾಗುತ್ತಿರುವುದು ನಮ್ಮ ಮರ್ಯಾದೆಯಿಂದ ಅಂತ ಅವತ್ತು ತಿಳಿಯಿತು.

ಅಲ್ಲಿಂದ ‘ಬರಿ’, ‘ತಿದ್ದು’, ‘ಸಾಕು’ ಅಷ್ಟೇ. ಇದೇ ಅಭ್ಯಾಸ ಮನೆಯವರ ಜೊತೆಗೂ ಬಂತು. ಅಲ್ಲಿ ಉಳಿತಾಯವೇನೂ ಆಗಲಿಲ್ಲ.

ಅದೇ ಆಗಸ್ಟ್‌ನಲ್ಲಿ ಗೂಗಲ್ ಸಮಾಧಾನ ಹೇಳಿತು. ತನ್ನ ಎಐ ಯಂತ್ರ ಜೆಮಿನಿಗೆ ಬರವಣಿಗೆಯಲ್ಲಿ ಕೇಳುವ ಒಂದು ಸಾಮಾನ್ಯ ಪ್ರಶ್ನೆಗೆ 0.24 ವಾಟ್-ಅವರ್ ವಿದ್ಯುತ್, 0.26 ಮಿಲಿಲೀಟರ್ ನೀರು. ಅಂದರೆ ಸುಮಾರು ಐದು ಹನಿ. ಐದೇ! ಕೆಲವು ಸಲ ಅದರ ಉತ್ತರ ಓದಿದರೆ ಬರುವ ಕಣ್ಣೀರೇ ಇದಕ್ಕಿಂತ ಜಾಸ್ತಿ.

ಆದರೆ ಈ ಐದು ಹನಿ, ಕಂಪ್ಯೂಟರುಗಳು ತುಂಬಿದ ಕಟ್ಟಡ, ಅಂದರೆ ಡೇಟಾ ಸೆಂಟರ್ ತಂಪಾಗಿಡಲು ಹೋಗುವ ನೀರು ಮಾತ್ರ. ಆ ಕರೆಂಟ್ ಹುಟ್ಟಿಸುವ ಸ್ಥಾವರ ಕುಡಿದ ನೀರು ಲೆಕ್ಕಕ್ಕಿಲ್ಲ. ಚಿತ್ರ, ವಿಡಿಯೊ ಮಾಡಿಸಿದ್ದು ಇಲ್ಲ. ಯಂತ್ರಕ್ಕೆ ವಿದ್ಯೆ ಕಲಿಸುವಾಗ ಸುರಿದದ್ದೂ ಇಲ್ಲ. ಮನೆ ಕಟ್ಟಿಸಿದ ಖರ್ಚು ಎಷ್ಟು ಅಂದರೆ ಬಾಗಿಲ ಬೀಗದ ಬೆಲೆ ಹೇಳಿದ ಹಾಗೆ.

ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ವಾ? ಹಳ್ಳದ ಲೆಕ್ಕ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಬಳಿ ಇದೆ. 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಸುಮಾರು 415 ಟೆರಾವಾಟ್-ಅವರ್ ವಿದ್ಯುತ್ ಬಳಸಿದವು. 2030ಕ್ಕೆ ಇದು 945ರ ಹತ್ತಿರ ಹೋಗಬಹುದಂತೆ. ಇಡೀ ಜಪಾನ್ ಈಗ ಬಳಸುವುದಕ್ಕಿಂತ ಸ್ವಲ್ಪ ಜಾಸ್ತಿ. ಎಲ್ಲವೂ ಎಐ ಪಾಲಲ್ಲ, ನಿಜ. ಆದರೆ ಹಸಿವು ಹೆಚ್ಚಿಸುತ್ತಿರುವವರಲ್ಲಿ ಮುಂದೆ ನಿಂತಿರುವುದು ಅದೇ. ಐರ್ಲೆಂಡಿನಲ್ಲಂತೂ 2023ರಲ್ಲೇ ಮೀಟರಿಗೆ ಬಂದ ವಿದ್ಯುತ್ತಿನ ಶೇ. 21 ಡೇಟಾ ಸೆಂಟರ್‌ಗಳಿಗೆ ಹೋಯಿತು. ನಗರದ ಮನೆಗಳೆಲ್ಲ ಸೇರಿ ಉರಿಸಿದ್ದು ಶೇ. 18.

ಅಮೆರಿಕದ ತ್ರೀ ಮೈಲ್ ಐಲೆಂಡ್ ನೆನಪಿದೆಯಾ? 1979ರಲ್ಲಿ ಅಲ್ಲಿ ಒಂದು ಅಣು ರಿಯಾಕ್ಟರಿನ ಒಡಲು ಅರ್ಧಂಬರ್ಧ ಕರಗಿತ್ತು. ಪಕ್ಕದ ರಿಯಾಕ್ಟರ್ ಲಾಭ ಗಿಟ್ಟುವುದಿಲ್ಲ ಅಂತ 2019ರಲ್ಲಿ ಬಾಗಿಲು ಹಾಕಿತು. 2024ರಲ್ಲಿ ಮೈಕ್ರೋಸಾಫ್ಟ್ ಬಂದು, 20 ವರ್ಷ ನಿಮ್ಮ ಕರೆಂಟ್ ನಾವು ಕೊಳ್ಳುತ್ತೇವೆ ಅಂದಿತು. ಮಲಗಿದ್ದ ರಿಯಾಕ್ಟರನ್ನು ಎಬ್ಬಿಸುವ ಕೆಲಸ ಶುರುವಾಯಿತು. ಮೊದಲು ಹೆಸರು ಬದಲಾಯಿತು: ಕ್ರೇನ್ ಕ್ಲೀನ್ ಎನರ್ಜಿ ಸೆಂಟರ್. ಹಳೇ ಹೆಸರು ಕೇಳಿದರೆ ಜನ ಸುಮ್ನೆ ಬೆಚ್ಚಿಬೀಳುತ್ತಾರೆ ನೋಡಿ.

ಅವರು ಅಲ್ಲಿ ರಿಯಾಕ್ಟರ್ ಎಬ್ಬಿಸುತ್ತಿದ್ದಾರೆ. ನಾನು ಇಲ್ಲಿ ಒಂದು ‘ಥ್ಯಾಂಕ್ಸ್’ ನುಂಗಿಕೊಂಡು ಭೂಮಿ ಉಳಿಸುತ್ತಿದ್ದೇನೆ.

ಅನುಮಾನ ಬಂದು ಯಂತ್ರವನ್ನೇ ಕೇಳಿದೆ: ಕರೆಂಟ್ ಉಳಿಸುವುದು ಹೇಗೆ? ಹನ್ನೆರಡು ಸಲಹೆ ಬಂತು. ಮೊದಲನೆಯದು, ಕೋಣೆಯಿಂದ ಹೊರಗೆ ಹೋಗುವಾಗ ಲೈಟ್ ಆರಿಸಿ. ಕೊನೆಗೆ, ಇದನ್ನೆಲ್ಲ ಬಣ್ಣದ ಪೋಸ್ಟರ್ ಮಾಡಿಕೊಡಲೇ ಎಂಬ ಪ್ರಶ್ನೆ. ‘ಬೇಡ’ ಎಂದೆ. ಒಂದೇ ಪದ, ಮರ್ಯಾದೆ ಸೊನ್ನೆ.

‘ಖಂಡಿತ! ನಿಮ್ಮ ಪರಿಸರ ಕಾಳಜಿಗೆ ತುಂಬು ಹೃದಯದ ಧನ್ಯವಾದಗಳು’ ಅಂತ ಅದು ಶುರು ಮಾಡಿ ಮೂರು ಪ್ಯಾರಾ ಬರೆಯಿತು.