ಗೋಡೆಗೆ ಬಣ್ಣ, ಗೇಟಿಗೆ ಬೀಗ

ನಿನ್ನೆ ರಾತ್ರಿ ಮನೆಗೆ ಬಂದವಳು ಕೈಚೀಲ ಕೆಳಗಿಡುವ ಮೊದಲೇ ಗೊಣಗಲು ಶುರುಮಾಡಿದೆ. "ಬರೆದು ಹಾಕಿಬಿಡು, ನನ್ನ ತಲೆ ತಿನ್ನಬೇಡ" ಎಂದರು ನಮ್ಮವರು. ಹಾಗಾಗಿ ಈಗ ನಿಮ್ಮ ತಲೆ ತಿನ್ನುತ್ತಿದ್ದೇನೆ.

ವಾಣಿಜ್ಯ ರಿಯಲ್ ಎಸ್ಟೇಟ್‌ಗೆ ಹೊಸದಾಗಿ ಬಂದ ಕಿರಿಯರಿಗೆ ಆರು ತಿಂಗಳ ನಾಯಕತ್ವ ತರಬೇತಿ ನಡೆದಿತ್ತು. ನಿನ್ನೆ ಅದರ ಸಮಾರೋಪ. ನಾನು ಮಾರ್ಗದರ್ಶಕಿಯಂತೆ. ಇಪ್ಪತ್ತೆರಡು ವರ್ಷ ಆಫೀಸು ಜಾಗಗಳನ್ನು ಬಾಡಿಗೆಗೆ ಕೊಡಿಸಿ, ಕಟ್ಟಡಗಳ ಉಸ್ತುವಾರಿ ಮಾಡಿ, ಲಿಫ್ಟ್ ಕೆಟ್ಟರೆ ಮಧ್ಯರಾತ್ರಿ ಬೈಸಿಕೊಂಡವಳಿಗೆ ಕೊನೆಗೂ ಸಿಕ್ಕ ಬಡ್ತಿ ಇದು. ವೇದಿಕೆಯ ಮೇಲೆ ಕೂರಿಸುತ್ತಾರೆ, ಹೂಗುಚ್ಛ ಕೊಡುತ್ತಾರೆ, ಮಾತಿಗೆ ನಾಲ್ಕು ನಿಮಿಷ ಕೊಡುತ್ತಾರೆ.

ಹುಡುಗರು ಚುರುಕಾಗಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಚೌಕಾಸಿ ಹೇಗೆ ಮಾಡಬೇಕು, ಮಾಲೀಕನ ಮುಂದೆ ಹೇಗೆ ಮಾತನಾಡಬೇಕು, ತಂಡವನ್ನು ಹೇಗೆ ಹುರಿದುಂಬಿಸಬೇಕು, ಎಲ್ಲವನ್ನೂ ಕಲಿತಿದ್ದಾರೆ. ಸುಮಾರು ನಲವತ್ತು ಸ್ಲೈಡುಗಳಾದ ಮೇಲೆ 'ನಾಗರಿಕ ಹೊಣೆ' ಎಂಬ ಸ್ಲೈಡ್ ಬಂತು. ಒಂದೇ ಒಂದು. ಅದರಲ್ಲೊಂದು ಫೋಟೊ: ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಮೂವತ್ತು ಜನ, ಕೈಯಲ್ಲಿ ಬ್ರಷ್, ಬೆನ್ನ ಹಿಂದೆ ಹಸಿ ಬಣ್ಣದ ಕಾಂಪೌಂಡ್ ಗೋಡೆ. ಗೋಡೆಯುದ್ದಕ್ಕೂ ಆಳೆತ್ತರದ ಅಕ್ಷರಗಳು: ಈ ನಗರ ನಮ್ಮೆಲ್ಲರದು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ನನ್ನ ಕೈ ಏಳಲಿಲ್ಲ. 'ನಮ್ಮೆಲ್ಲರದು' ಮುಗಿಯುವ ಕಡೆ, ಫೋಟೊದ ಬಲತುದಿಯಲ್ಲಿ, ಒಂದು ಕಬ್ಬಿಣದ ಗೇಟ್ ಅರ್ಧ ಕಾಣುತ್ತಿತ್ತು. ಗೇಟಿಗೆ ಸರಪಳಿ, ಸರಪಳಿಗೆ ಬೀಗ. ಆ ಗೇಟ್ ನನಗೆ ಚೆನ್ನಾಗಿ ಗೊತ್ತು. ಅದರ ಕತೆಗೆ ಆಮೇಲೆ ಬರುತ್ತೇನೆ, ಈಗಲೇ ಹೇಳಿದರೆ ನನ್ನ ಕೋಪದ ತೂಕ ಕಡಿಮೆಯಾಗುತ್ತದೆ.

ನನ್ನ ತಕರಾರು ಇಷ್ಟೇ. ನಮ್ಮ ವೃತ್ತಿಯಲ್ಲಿ ನಾಗರಿಕ ಪ್ರಜ್ಞೆ ಎಂದರೆ ಶನಿವಾರದ ಟೀ ಶರ್ಟ್ ಆಗಿಬಿಟ್ಟಿದೆ. ಗಿಡ ನೆಡುತ್ತಾರೆ, ಭಾನುವಾರ ಅದಕ್ಕೆ ನೀರು ಹಾಕುವವರು ಯಾರು ಎಂದು ಕೇಳಬಾರದು. ಕಸ ಹೆಕ್ಕುತ್ತಾರೆ, ಸೋಮವಾರ ಅದೇ ಕೈಯಲ್ಲಿ ಸೆಟ್‌ಬ್ಯಾಕ್ ಜಾಗವನ್ನು, ಎಂದರೆ ಕಟ್ಟಡದ ಸುತ್ತ ಖಾಲಿ ಬಿಡಲೇಬೇಕಾದ ಜಾಗವನ್ನು, ಪಾರ್ಕಿಂಗ್ ಎಂದು ತೋರಿಸಿದ ನಕ್ಷೆಯನ್ನು ಗ್ರಾಹಕರ ಮುಂದಿಡುತ್ತಾರೆ. ಉಳಿದ ವೃತ್ತಿಯವರು ಶನಿವಾರ ಗೋಡೆಗೆ ಬಣ್ಣ ಬಳಿದರೆ ನನಗೇನೂ ಬೇಸರವಿಲ್ಲ, ಅವರಿಗೆ ನಗರವನ್ನು ಮುಟ್ಟಲು ಬೇರೆ ದಾರಿ ಕಡಿಮೆ. ನಾವು ಹಾಗಲ್ಲವಲ್ಲ! ಯಾವ ಬೀದಿಗೆ ಎಷ್ಟು ಕಾರು ನುಗ್ಗಬೇಕು, ಯಾರ ಕಿಟಕಿಗೆ ಬಿಸಿಲು ಬೀಳಬಾರದು, ಬೆಂಕಿ ಬಿದ್ದರೆ ಎಷ್ಟು ಮೆಟ್ಟಿಲುಗಳಿಂದ ಜನ ಇಳಿಯಬೇಕು ಎಂಬುದೆಲ್ಲ ನಮ್ಮ ಫೈಲಿನಲ್ಲಿ ತೀರ್ಮಾನವಾಗುತ್ತದೆ. ಫೈಲು ಕಪಾಟಿನಲ್ಲಿ, ಸಮಾಜಸೇವೆ ಗೋಡೆಯ ಮೇಲೆ.

1915ರಲ್ಲಿ ನ್ಯೂಯಾರ್ಕಿನಲ್ಲಿ ಈಕ್ವಿಟಬಲ್ ಕಟ್ಟಡ ಎದ್ದಿತು. ಒಂದು ಎಕರೆಗೂ ಕಡಿಮೆ ಜಾಗದಲ್ಲಿ ಹನ್ನೆರಡು ಲಕ್ಷ ಚದರಡಿ, ರಸ್ತೆಯಂಚಿನಿಂದಲೇ ಕಡಿದ ಹಾಗೆ ನೆಟ್ಟಗೆ ಮೇಲಕ್ಕೆ. ಅದರ ನೆರಳು ಏಳು ಎಕರೆಯಷ್ಟು ಬೀಳುತ್ತಿತ್ತು ಎನ್ನುತ್ತಾರೆ. ಮರುವರ್ಷವೇ, 1916ರಲ್ಲಿ, ಆ ನಗರದ ಮೊದಲ ವಲಯ ನಿಯಮ ಬಂತು: ಮೇಲಕ್ಕೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು. ಆ ನಿಯಮ ಬೇಕೇ ಬೇಕೆಂದು ಹಟ ಹಿಡಿದವರಲ್ಲಿ ಐದನೇ ಅವೆನ್ಯೂವಿನ ವರ್ತಕರು, ಆಸ್ತಿ ಮಾಲೀಕರು ಇದ್ದರು. ಎಂದರೆ ನಮ್ಮವರೇ. ಅವರೇನು ಸಂತರಲ್ಲ, ತಮ್ಮ ಬೀದಿಯ ಬೆಲೆ ಉಳಿಸಿಕೊಳ್ಳಲು ಹೋದವರು. ಆದರೆ ಹೋದರು, ಮುಖ ತೋರಿಸಿ ಮಾತನಾಡಿದರು.

ನಿನ್ನೆಯ ಮೂವತ್ತು ಜನರಲ್ಲಿ ಒಂದೇ ಒಂದು ಸಾರ್ವಜನಿಕ ಅಹವಾಲು ಸಭೆಯಲ್ಲಿ ಕೊನೆಯ ತನಕ ಕುಳಿತವರು ಎಷ್ಟು ಮಂದಿ? ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದಾಗ ತಮ್ಮ ಗ್ರಾಹಕರ ಸರ್ವೆ ನಂಬರ್ ಬಿಟ್ಟು ಬೇರೆ ಪುಟ ತೆರೆದವರು ಎಷ್ಟು ಮಂದಿ? ಅಲ್ಲಿ ಕುಳಿತು ನೋಡಬೇಕು. ಫ್ಯಾನು ಕಿರುಗುಟ್ಟುತ್ತಿರುತ್ತದೆ, ಮೈಕು ಕೈಕೊಡುತ್ತದೆ, ಮೊದಲ ಒಂದು ಗಂಟೆ ಯಾರೋ ಒಬ್ಬರು ವಿಷಯಕ್ಕೆ ಸಂಬಂಧವೇ ಇಲ್ಲದ ಚರಂಡಿಯ ಬಗ್ಗೆ ಮಾತನಾಡುತ್ತಾರೆ. ಆಮೇಲೆ ಒಬ್ಬ ಹೆಂಗಸು ಎದ್ದು, ನಿಮ್ಮ ಬೇಸ್‌ಮೆಂಟ್ ಅಗೆದ ದಿನದಿಂದ ನಮ್ಮ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಎಂದು ಬೆರಳನ್ನೇ ಎತ್ತಿ ತೋರಿಸುತ್ತಾರೆ. ಆ ಬೆರಳಿನ ಮುಂದೆ ಎದ್ದು ನಿಂತು ಉತ್ತರ ಕೊಡುವುದನ್ನು ಯಾವ ಸ್ಲೈಡ್ ಕಲಿಸುತ್ತದೆ?

ನಾಯಕತ್ವದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಢಾಕಾ ಬಳಿಯ ರಾಣಾ ಪ್ಲಾಜಾ. ಅಂಗಡಿ ಮತ್ತು ಕಚೇರಿಗಳಿಗೆಂದು ಯೋಜಿಸಿದ ಕಟ್ಟಡ. ಮೇಲಿನ ಮಹಡಿಗಳನ್ನು ಅನುಮತಿಯಿಲ್ಲದೆ ಏರಿಸಿದ್ದರು, ಅಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು, ಜೊತೆಗೆ ನಡುಗುವ ಭಾರಿ ಜನರೇಟರುಗಳು. 2013ರ ಏಪ್ರಿಲ್ 23ರಂದು ಬಿರುಕು ಕಂಡಿತು. ಕೆಳಗಿದ್ದ ಬ್ಯಾಂಕ್ ಶಾಖೆ ಸಿಬ್ಬಂದಿಯನ್ನು ಮನೆಗೆ ಕಳಿಸಿತು, ಅಂಗಡಿಗಳು ಮುಚ್ಚಿದವು. ಮೇಲಿನ ಕಾರ್ಖಾನೆಗಳವರು ಮಾತ್ರ ಮರುದಿನ ಬೆಳಿಗ್ಗೆ ಕಾರ್ಮಿಕರನ್ನು ಒಳಗೆ ಕರೆಸಿಕೊಂಡರು. ಕಟ್ಟಡ ಕುಸಿಯಿತು. ಸತ್ತವರು 1,134 ಮಂದಿ. ಬಾಡಿಗೆ, ಬಳಕೆಯ ಬದಲಾವಣೆ, ಹೆಚ್ಚುವರಿ ಮಹಡಿ, ಇವೆಲ್ಲ ನಮ್ಮ ಮೇಜಿನ ಮೇಲಿನ ಪದಗಳು ಸ್ವಾಮಿ. ಇಲ್ಲಿ ಕೆಲಸ ನಡೆಯಬಾರದು ಎಂದು ಆ ಬ್ಯಾಂಕಿನ ಯಾವ ಅಧಿಕಾರಿ ತೀರ್ಮಾನಿಸಿದರೋ, ಅವರ ಎದೆಯ ಮೇಲೆ ಯಾವ ತರಬೇತಿಯ ಬ್ಯಾಡ್ಜ್ ಇತ್ತೋ ನನಗೆ ತಿಳಿಯದು. ಇದ್ದಿರಲಾರದು.

ಈಗ ನಿಮ್ಮಲ್ಲಿ ಕೆಲವರು ಹೇಳುವುದು ನನಗೆ ಕೇಳಿಸುತ್ತಿದೆ: "ಪಾಪ, ಎಲ್ಲಿಂದಲಾದರೂ ಶುರುಮಾಡಲಿ ಬಿಡಿ. ಕಮಿಷನ್ ಮೇಲೆ ಬದುಕುವ ಹುಡುಗರು, ಸ್ವಂತ ಕಂಪನಿಯ ಯೋಜನೆಗೆ ಆಕ್ಷೇಪಣೆ ಸಲ್ಲಿಸಲು ಆಗುತ್ತದೆಯೇ?" ಆಗುವುದಿಲ್ಲ. ಸಲ್ಲಿಸಬೇಕೆಂದು ನಾನೂ ಹೇಳುತ್ತಿಲ್ಲ. ನಿಮ್ಮ ಡೀಲ್ ಇಲ್ಲದ ಸಭೆಗೆ ಹೋಗಿ, ಬಾಯಿ ಮುಚ್ಚಿಕೊಂಡು ಕೇಳಿ, ಇಷ್ಟೇ ನನ್ನ ಬೇಡಿಕೆ. ಇನ್ನು 'ಎಲ್ಲಿಂದಲಾದರೂ ಶುರು' ಎಂಬ ವಾದ. ಇಪ್ಪತ್ತೆರಡು ವರ್ಷಗಳಿಂದ ಈ ಶುರುವನ್ನೇ ನೋಡುತ್ತಿದ್ದೇನೆ. ಟೀ ಶರ್ಟಿನ ಬಣ್ಣ ಬದಲಾಗಿದೆ.

ಇನ್ನೊಂದು ವಾದವೂ ಉಂಟು. ಬಿಲ್ಡರ್, ಬ್ರೋಕರುಗಳು ನಗರ ಯೋಜನೆಯಲ್ಲಿ ಮೂಗು ತೂರಿಸಿದರೆ ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ ಎಂದು. ನಿಜವೇ. ಆದರೆ ತೋಳ ಹಿಂಬಾಗಿಲಿನಿಂದ ದಿನಾ ಒಳಗೆ ಹೋಗುತ್ತಲೇ ಇದೆಯಲ್ಲ. ಮುಂಬಾಗಿಲಿನಿಂದ, ಹೆಸರು ಬರೆಸಿ, ಎಲ್ಲರೆದುರು ಬಂದರೆ ಕನಿಷ್ಠ ಲೆಕ್ಕಕ್ಕಾದರೂ ಸಿಗುತ್ತದೆ.

ಎಲ್ಲೂ ಏನೂ ಆಗುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. 1936ರಿಂದ ಇರುವ ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಪ್ರೌಢಶಾಲೆಯ ಮಕ್ಕಳಿಗೆ ಅರ್ಬನ್‌ಪ್ಲಾನ್ ಎಂಬ ಕಾರ್ಯಕ್ರಮ ನಡೆಸುತ್ತದೆ. ಮಕ್ಕಳು ತಂಡ ಕಟ್ಟಿಕೊಂಡು ಒಂದು ಹಾಳು ಬಡಾವಣೆಯನ್ನು ಮತ್ತೆ ಕಟ್ಟುವ ಪ್ರಸ್ತಾವ ತಯಾರಿಸುತ್ತಾರೆ. ಒಬ್ಬ ಹಣದ ಲೆಕ್ಕಕ್ಕೆ, ಒಬ್ಬ ಮಾರಾಟಕ್ಕೆ, ಒಬ್ಬ ಊರಿನವರ ಅಹವಾಲಿಗೆ. ನಮ್ಮ ವೃತ್ತಿಯವರು ತರಗತಿಗೆ ಹೋಗಿ ಉತ್ತರ ಹೇಳಿಕೊಡದೆ ಬರೀ ಪ್ರಶ್ನೆ ಕೇಳಬೇಕು, ಕೊನೆಗೆ ನಗರಸಭೆಯವರ ವೇಷದಲ್ಲಿ ಪ್ರಸ್ತಾವವನ್ನು ಜಾಲಾಡಬೇಕು. ಇದು ನನಗೆ ಬಹಳ ಹಿಡಿಸಿದೆ. ಹದಿನಾರರ ಹುಡುಗಿ "ಈ ಪಾರ್ಕ್ ತೆಗೆದರೆ ನಷ್ಟ ಯಾರಿಗೆ?" ಎಂದು ಕೇಳಿದಾಗ ಮೂವತ್ತರ ಬ್ರೋಕರ್ ತಡವರಿಸಿದರೆ ಅದು ಆರು ತಿಂಗಳ ಕೋರ್ಸಿಗಿಂತ ಮೇಲು.

ಸರಿ, ಗೇಟಿನ ಕತೆ.

ನ್ಯೂಯಾರ್ಕ್ 1961ರಲ್ಲಿ ಒಂದು ಉಪಾಯ ಮಾಡಿತ್ತು. ಕಟ್ಟಡದ ಮುಂದೆ ಸಾರ್ವಜನಿಕರಿಗೆ ಬಯಲು ಬಿಟ್ಟರೆ, ಅತಿ ದಟ್ಟ ವಲಯಗಳಲ್ಲಿ ಒಂದು ಚದರಡಿಗೆ ಬದಲಾಗಿ ಹತ್ತು ಚದರಡಿ ಹೆಚ್ಚುವರಿ ಕಟ್ಟಬಹುದಾಗಿತ್ತು. ಮಹಡಿಗಳು ಬಂದವು, ಬಯಲೂ ಬಂತು, ಆದರೆ ಬಹಳ ಕಡೆ ಕೂರಲು ಒಂದು ಕಟ್ಟೆಯೂ ಇರಲಿಲ್ಲ. ವಿಲಿಯಂ ವೈಟ್ ಎಂಬವರು ಎಪ್ಪತ್ತರ ದಶಕದಲ್ಲಿ ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರುತ್ತಾರೆ, ಎಲ್ಲಿಂದ ಎದ್ದು ಹೋಗುತ್ತಾರೆ ಎಂದು ಗಮನಿಸಿ ಸಲಹೆ ಕೊಟ್ಟ ಮೇಲೆ, 1975ರಲ್ಲಿ ಇಂತಿಷ್ಟು ಆಸನ ಇರಲೇಬೇಕೆಂಬ ನಿಯಮ ಸೇರಿತು. ಇದೆಲ್ಲ ನನಗೆ ಬಾಯಿಪಾಠ. ಹನ್ನೊಂದು ವರ್ಷದ ಹಿಂದೆಯೂ ಬಾಯಿಪಾಠವೇ ಆಗಿತ್ತು.

ಫೋಟೊದಲ್ಲಿದ್ದ ಆ ಕಟ್ಟಡಕ್ಕೂ ಇಂಥದೇ ಷರತ್ತಿನ ಮೇಲೆ ಎರಡು ಮಹಡಿ ಹೆಚ್ಚುವರಿ ಸಿಕ್ಕಿತ್ತು: ಪಕ್ಕದ ಬಯಲು ಬೆಳಗಿನಿಂದ ಸಂಜೆಯವರೆಗೆ ಸಾರ್ವಜನಿಕರಿಗೆ ತೆರೆದಿರಬೇಕು. ನಾನು ಆಗ ಅದರ ಉಸ್ತುವಾರಿ. ನಾಲ್ಕು ಮಹಡಿ ಹಿಡಿಯಲು ಬಂದ ದೊಡ್ಡ ಬಾಡಿಗೆದಾರರು ಕೊನೆಯ ಸುತ್ತಿನ ಮಾತುಕತೆಯಲ್ಲಿ, ಹೊರಗಿನವರು ಅಲ್ಲಿ ಕೂರುತ್ತಾರಲ್ಲ ಎಂದು ಮೂಗು ಮುರಿದರು. "ಅದೊಂದು ವಿಷಯವೇ ಅಲ್ಲ" ಎಂದೆ ನಾನು. ಮಾಲೀಕರು ಹೇಳಿರಲಿಲ್ಲ, ನಾನೇ ಸರಪಳಿ ತರಿಸಿದೆ. 'ದುರಸ್ತಿ ನಡೆಯುತ್ತಿದೆ' ಎಂಬ ಬೋರ್ಡನ್ನೂ ಬರೆಸಿದೆ. ಅಲ್ಲಿಗೆ ದಿನವೂ ಪತ್ರಿಕೆ ಓದಲು ಬರುತ್ತಿದ್ದ ವಯಸ್ಸಾದವರೊಬ್ಬರಿದ್ದರು. ಮೂರನೆಯ ದಿನ ಸರಪಳಿಯನ್ನು ಒಮ್ಮೆ ಅಲುಗಿಸಿ, ಬೋರ್ಡ್ ಓದಿ, ಒಳಗಿದ್ದ ನನ್ನನ್ನೇ ಕರೆದು ಕೇಳಿದರು, "ಯಾವಾಗ ಮುಗಿಯುತ್ತದಮ್ಮಾ?" ಇನ್ನೊಂದು ವಾರ ಎಂದೆ. ಆ ವರ್ಷ ನನಗೆ ಅತ್ಯುತ್ತಮ ಯುವ ವೃತ್ತಿಪರಳೆಂಬ ಫಲಕ ಬಂತು. ಈಗಲೂ ನನ್ನ ಕೋಣೆಯಲ್ಲಿದೆ.

ನಿನ್ನೆ ನನ್ನ ನಾಲ್ಕು ನಿಮಿಷದಲ್ಲಿ ಇದನ್ನೆಲ್ಲ ಹೇಳಿಬಿಟ್ಟೆನೆಂದು ನೀವು ಭಾವಿಸಿರಬಹುದು. ಇಲ್ಲ. ಅಭಿನಂದನೆ ಎಂದೆ, ಭವಿಷ್ಯ ನಿಮ್ಮದು ಎಂದೆ, ಹೂಗುಚ್ಛ ಹಿಡಿದು ಫೋಟೊಗೆ ನಿಂತೆ. ಇಳಿಯುವಾಗ ಆ ತಂಡದ ಹುಡುಗಿಯೊಬ್ಬಳು ಹತ್ತಿರ ಬಂದು, "ಮೇಡಂ, ನೀವು ಆ ಗೋಡೆಯ ಫೋಟೊವನ್ನೇ ನೋಡುತ್ತಿದ್ದಿರಿ. ಬಣ್ಣ ಬಳಿಯುವಾಗ ನನಗೂ ಅನ್ನಿಸಿತ್ತು, ಆ ಗೇಟಿನಾಚೆ ಏನಿದೆ?" ಎಂದಳು. ಬೆಂಚುಗಳಿವೆ ಎಂದೆ. ಅವಳು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು.

ಇವತ್ತು ಬೆಳಿಗ್ಗೆ ಆ ಕಟ್ಟಡದ ಈಗಿನ ಮ್ಯಾನೇಜರಿಗೆ ಫೋನ್ ಮಾಡಿದೆ. ಪಕ್ಕದ ಗೇಟಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಅದು ತೆರೆಯುವ ಗೇಟೇ, ಮೇಡಂ?" ಎಂದ.