ಸ್ಪಿನ್ನರ್ ಮರೆಯಾಯಿತು, ಆದರೆ ನಿಂತಿತಾ?

ಕಳೆದ ವಾರ ಮೂರು ದಿನ ಒಂದು ಸ್ಪಿನ್ನರ್ ಹಿಂದೆ ಬಿದ್ದಿದ್ದೆ. ಲೋಡ್ ಆಗುವಾಗ ಗಿರಗಿರ ತಿರುಗುತ್ತದಲ್ಲ, ಆ ಪುಟ್ಟ ಚಕ್ರ. ನಾವು ಮಾಡುತ್ತಿರುವ ವೆಬ್ ಆಪ್‌ನಲ್ಲಿ ಪುಟ ಪೂರ್ತಿ ಬಂದಾಗಿದೆ, ಪರದೆಯ ಮೇಲೆ ಏನೂ ಅಲುಗಾಡುತ್ತಿಲ್ಲ. ಆದರೂ ಲ್ಯಾಪ್‌ಟಾಪಿನ ಫ್ಯಾನ್ ಮಾತ್ರ ಬುಸುಗುಡುತ್ತಲೇ ಇದೆ.

ಪುಟ ಒಳಗೊಳಗೇ ಏನು ಮಾಡುತ್ತಿದೆ ಅಂತ ತೋರಿಸುವ ಕ್ರೋಮ್‌ನ ಪರ್ಫಾರ್ಮೆನ್ಸ್ ಪ್ಯಾನೆಲ್‌ನಲ್ಲಿ ಐದು ಸೆಕೆಂಡ್ ರೆಕಾರ್ಡ್ ಮಾಡಿ ನೋಡಿದೆ. ಹೆಚ್ಚುಕಡಿಮೆ 16 ಮಿಲಿಸೆಕೆಂಡಿಗೊಮ್ಮೆ ಚಕ್ರ ಬಿಡಿಸುವ ಫಂಕ್ಷನ್ (ಕೋಡಿನ ತುಣುಕು) ಓಡುತ್ತಿದೆ. ಅದೂ ಪ್ರತಿ ಫ್ರೇಮಿನಲ್ಲಿ, ಅಂದರೆ ಪರದೆ ಒಮ್ಮೆ ಹೊಸದಾಗಿ ಮೂಡುವಷ್ಟರಲ್ಲಿ, ನಾಲ್ಕು ಸಲ! ನಾನು ಆ ಪುಟಕ್ಕೆ ಹೋಗಿ ಬಂದಿದ್ದೂ ನಾಲ್ಕೇ ಸಲ. ಹೋದಾಗಲೆಲ್ಲ ಹೊಸ ಸ್ಪಿನ್ನರ್ ಹುಟ್ಟಿದೆ, ಹಳೆಯದು ಸತ್ತಿಲ್ಲ. ಕೆಲಸ ಮುಗಿದ ಮೇಲೆ ಒಪ್ಯಾಸಿಟಿ ಸೊನ್ನೆ ಮಾಡಿ ಚಕ್ರ ಕಣ್ಣಿಗೆ ಕಾಣದಂತೆ ಮಾಡುತ್ತಿದ್ದೆವು, ಪುಟ ಬಿಟ್ಟಾಗ ಚಕ್ರ ಬಿಡಿಸುವ ಜಾಗವಾದ ಕ್ಯಾನ್ವಾಸ್ ತೆಗೆದುಹಾಕುತ್ತಿದ್ದೆವು. ಆದರೆ ಪ್ರತಿ ಫ್ರೇಮಿಗೂ ತನ್ನನ್ನು ಮತ್ತೆ ಕರೆಸಿಕೊಂಡು ಚಕ್ರ ತಿರುಗಿಸುವ ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ (requestAnimationFrame) ಲೂಪನ್ನು ಯಾರೂ ನಿಲ್ಲಿಸಿರಲಿಲ್ಲ. ಸುರಿಯುವ ನಲ್ಲಿ ನಿಲ್ಲಿಸದೆ ಮೇಲೊಂದು ಬಟ್ಟೆ ಮುಚ್ಚಿದ ಹಾಗೆ. ಲೂಪ್ ಹಿಡಿದುಕೊಂಡಿರುವವರೆಗೆ ಆ ಕ್ಯಾನ್ವಾಸ್ ಮೆಮೊರಿಯಿಂದಲೂ ಹೋಗುವುದಿಲ್ಲ.

ಇದು ವೆಬ್‌ಗೆ ಮಾತ್ರ ಅಂಟಿದ ರೋಗ ಅಲ್ಲ. ಆಂಡ್ರಾಯ್ಡ್‌ನಲ್ಲಿ ಕೊನೆಯಿಲ್ಲದೆ ಓಡುವ ಆನಿಮೇಟರ್ ಒಂದನ್ನು ಕ್ಯಾನ್ಸಲ್ ಮಾಡದೆ ಬಿಟ್ಟರೆ, ಅದು ಕುಣಿಸುವ ವ್ಯೂ (ಪರದೆಯ ಒಂದು ಭಾಗ) ಜೊತೆಗೆ ಇಡೀ ಆಕ್ಟಿವಿಟಿ, ಅಂದರೆ ಆ ಪರದೆಯೇ, ಮೆಮೊರಿಯಲ್ಲೇ ಉಳಿಯಬಹುದು. ಆಪ್ ಕಟ್ಟುವ ಫ್ಲಟರ್‌ನಲ್ಲೂ ಅನಿಮೇಷನ್ ಓಡಿಸುವ ಕಂಟ್ರೋಲರ್‌ನ ಕೆಲಸ ಮುಗಿಸಲು ಡಿಸ್ಪೋಸ್ ಕರೆಯಲೇಬೇಕು. ಇಷ್ಟು ಸಣ್ಣ ಅನಿಮೇಷನ್ ಏನು ಮಹಾ ಅಂತ ಕೇಳುವವರು ಇದ್ದಾರೆ. 2017ರಲ್ಲಿ ಕೋಡ್ ಬರೆಯುವ ವಿಎಸ್ ಕೋಡ್ ಎಡಿಟರ್ ಸುಮ್ನೆ ತೆರೆದಿಟ್ಟಿದ್ದರೂ 13% ಸಿಪಿಯು ತಿನ್ನುತ್ತಿದೆ ಅಂತ ದೂರು ಬಂದಿತ್ತು. ಕಾರಣ ಹುಡುಕಿದರೆ, ಮಿಟುಕುವ ಕರ್ಸರ್! ಸ್ಪಿನ್ನರ್ ಅದಕ್ಕಿಂತ ಜಾಸ್ತಿ ಕುಣಿಯುತ್ತದೆ, ಅಲ್ವಾ?

ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್‌ನಲ್ಲೇ ಮಾಡಿದ ಅನಿಮೇಷನ್ ಆದರೆ ದಾರಿ ಸುಲಭ. ಡಿಸ್ಪ್ಲೇ ನನ್ (display: none) ಕೊಟ್ಟರೆ ಅನಿಮೇಷನ್ನೇ ಮುಗಿದುಹೋಗುತ್ತದೆ. ಒಪ್ಯಾಸಿಟಿ ಸೊನ್ನೆಗೆ ಆ ಶಕ್ತಿ ಇಲ್ಲ. ನಿಧಾನವಾಗಿ ಮಸುಕಾಗಿ ಮರೆಯಾಗಲಿ ಅನ್ನುವ ಆಸೆ ಇದ್ದರೆ, ಮಸುಕಾದ ಮೇಲೆ ಡಿಸ್ಪ್ಲೇ ನನ್ ಕೊಡಿ. ಇದನ್ನು ಮರೆಯುವವರೇ ಹೆಚ್ಚು.

ನಮ್ಮದು ಕ್ಯಾನ್ವಾಸ್ ಆಗಿದ್ದರಿಂದ ಬೇರೆ ದಾರಿ ಹಿಡಿದೆ. ಸ್ಪಿನ್ನರನ್ನು ತೋರಿಸುವ ಫಂಕ್ಷನ್ನಿಗೇ ಲೂಪ್ ಶುರು ಮಾಡುವ ಕೆಲಸ, ಮರೆ ಮಾಡುವ ಫಂಕ್ಷನ್ನಿಗೇ ನಿಲ್ಲಿಸುವ ಕೆಲಸ. ಎರಡನ್ನೂ ಬೇರೆ ಬೇರೆ ಕಡೆ ಬಿಟ್ಟರೆ ಯಾರಾದರೂ ಒಂದನ್ನು ಮರೆತೇ ಮರೆಯುತ್ತಾರೆ. ಫ್ರೇಮಿನ ಐಡಿ ಇಟ್ಟುಕೊಂಡು, ಮರೆ ಮಾಡುವಾಗ ಕ್ಯಾನ್ಸಲ್ ಮಾಡಿದೆ. ಪುಟ ಬಿಡುವಾಗಲೂ ಅದೇ ಫಂಕ್ಷನ್ ಕರೆಯುವಂತೆ ಮಾಡಿದೆ.

ಆಮೇಲೂ ಒಂದು ಲೂಪ್ ಉಳಿದಿತ್ತು! ಸರ್ವರ್ ಉತ್ತರ ಕೊಡದೆ ಎರರ್ ಬಂದಾಗ ಕೋಡ್ ಬೇರೆ ದಾರಿ ಹಿಡಿಯುತ್ತಿತ್ತು. ಅಲ್ಲಿ ಎರರ್ ಸಂದೇಶ ಬಂದು ಸ್ಪಿನ್ನರನ್ನು ಮುಚ್ಚಿಬಿಡುತ್ತಿತ್ತು, ಅದರ ಹಿಂದೆ ಚಕ್ರ ತಿರುಗುತ್ತಲೇ ಇತ್ತು. ಮರೆ ಮಾಡುವ ಕರೆಯನ್ನು ಎರರ್ ಬಂದರೂ ಬರದಿದ್ದರೂ ಕೊನೆಗೆ ಓಡುವ ಫೈನಲಿ (finally) ಬ್ಲಾಕಿಗೆ ಹಾಕಿದೆ. ನೆಟ್ ತೆಗೆದು, ಎರರ್ ಬರಿಸಿ, ಮತ್ತೆ ಐದು ಸೆಕೆಂಡ್ ರೆಕಾರ್ಡ್ ಮಾಡಿದೆ. ಈ ಸಲ ಆ ಫಂಕ್ಷನ್ ಎಲ್ಲೂ ಕಾಣಲಿಲ್ಲ.