ನಿಂತ ನೀರಿನ ಗದ್ದೆಯಲ್ಲಿ ಯೂರಿಯಾ ಎಲ್ಲಿಗೆ ಹೋಗುತ್ತದೆ?

ಭತ್ತದ ಗದ್ದೆಯಲ್ಲಿ ಸಾರಜನಕ ನಷ್ಟವಾಗುವುದು ಯೂರಿಯಾ ಮಳೆನೀರಿನಲ್ಲಿ ತೊಳೆದುಹೋಗುವುದರಿಂದ ಎಂದು ಹೇಳುವುದುಂಟು. ಉತ್ತರ ಕನ್ನಡದ ಮಳೆ ಕಂಡವರಿಗೆ ಇದು ಸಹಜವೆನಿಸಿದರೂ, ಸೂಕ್ಷ್ಮಜೀವಿಗಳ ಪಾಲು ಇದರಲ್ಲಿ ಬಿಟ್ಟುಹೋಗಿದೆ. ಕುಮಟಾ ಕಡೆಯ ಗದ್ದೆಯಲ್ಲಿ ನಾಟಿಯಾದ ಕೆಲವು ವಾರಗಳ ನಂತರ ಕೆಸರನ್ನು ಮೆಲ್ಲನೆ ಬಗೆದರೆ, ಮೇಲೆ ತೆಳುವಾದ ಕಂದು ಪದರವೂ ಅದರಡಿ ಬೂದುಗಪ್ಪು ಮಣ್ಣೂ ಕಾಣುತ್ತವೆ. ಯೂರಿಯಾದಿಂದ ಹುಟ್ಟಿದ, ಸಾರಜನಕದ ಒಂದು ರೂಪವಾದ ಅಮೋನಿಯಂ, ಆಮ್ಲಜನಕವಿರುವ ಆ ಕಂದು ಪದರದಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಆಗಿ, ಇನ್ನೊಂದು ಗುಂಪಿನಿಂದ ನೈಟ್ರೇಟ್ ಆಗಿ (ಇವೆರಡೂ ಸಾರಜನಕ ಆಮ್ಲಜನಕದೊಡನೆ ಕೂಡಿದ ರೂಪಗಳು) ಬದಲಾಗುತ್ತದೆ (ಎರಡೂ ಹಂತಗಳನ್ನು ಒಂದೇ ಜೀವಿ ಪೂರೈಸಬಲ್ಲದೆಂದು ಗೊತ್ತಾದದ್ದು 2015ರಲ್ಲಷ್ಟೇ). ಈ ನೈಟ್ರೇಟ್ ಕೆಳಗಿನ ಕಪ್ಪು ಮಣ್ಣಿಗೆ ಇಳಿದಾಗ, ಆಮ್ಲಜನಕ ಸಿಗದ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನೇ ಉಸಿರಾಟಕ್ಕೆ ಬಳಸಿ, ನೈಟ್ರಸ್ ಆಕ್ಸೈಡ್ ಮತ್ತು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ಒಂದಿಷ್ಟು ಅಮೋನಿಯಂ ಅಮೋನಿಯಾ ಅನಿಲವಾಗಿ ನೇರವಾಗಿಯೂ ಗಾಳಿಗೆ ಸೇರುತ್ತದೆ. ಯೂರಿಯಾವನ್ನು ಮೇಲೆ ಎರಚದೆ ಕೆಸರಿನಾಳಕ್ಕೆ ಇಳಿಸಿರೆಂದು ತಜ್ಞರು ಹೇಳುವುದು ಇದಕ್ಕಾಗಿಯೇ. ಅಲ್ಲಿ ಅಮೋನಿಯಂ ಬದಲಾಗದೆ ಉಳಿದು ಬೇರಿಗೆ ದಕ್ಕುತ್ತದೆ. ಅಘನಾಶಿನಿ ನದಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಗೊಬ್ಬರ ಕಾಣದೆ ಬೆಳೆಯುವ ಕಗ್ಗ ಎಂಬ ಭತ್ತಕ್ಕೂ, ಕೊಳೆತ ಕೂಳೆಯಿಂದ ಸೂಕ್ಷ್ಮಜೀವಿಗಳು ಬಿಡಿಸಿಕೊಡುವ ಅಮೋನಿಯಂ ಆಹಾರವಾಗುತ್ತದೆ.